ಕಾಕಂಬಿ ಟ್ಯಾಂಕಿನ ನಡುಗಂಬ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಲ್ಲಿ ಇಳಿದು, ಆಟೋ ಹತ್ತಿ, ಸಕ್ಕರೆ ಫ್ಯಾಕ್ಟ್ರಿ ರಸ್ತೆಗೆ ತಿರುಗಿದ ಕೂಡಲೇ ಮೂಗಿಗೆ ಬಡೀತು ಕಾಕಂಬಿ ವಾಸನೆ. ಕಬ್ಬಿನ ಹಾಲಲ್ಲಿ ಸಕ್ಕರೆ ಎಲ್ಲಾ ತೆಗೆದ ಮೇಲೆ ಉಳಿಯೋ ಕಪ್ಪು ಪಾಕ ಅದು. ಬೆಲ್ಲ ಸೀದಂಗೆ ಶುರುವಾಗುತ್ತೆ, ಆಮೇಲೆ ಹುಳಿ ಹಿಟ್ಟಿನ ಥರ ಗಂಟಲಲ್ಲಿ ಕೂತ್ಕೊಳ್ಳುತ್ತೆ. ಒಂಬತ್ತು ವರ್ಷ ಆಗಿತ್ತು ಆ ವಾಸನೆ ಕುಡಿದು. ಆ ಊರಿನ ಮೇಲೆ ಎಷ್ಟೋ ಸಲ ಬಸ್ಸಲ್ಲಿ ಹೋಗಿದೀನಿ. ಆ ರಸ್ತೆಗೆ ಮಾತ್ರ ತಿರುಗಿರಲಿಲ್ಲ.

ಟ್ಯಾಂಕ್ ಖಾಲಿ ಮಾಡಿ ತೊಳೆದಿದ್ರು. ಎರಡು ದಿನ ದೊಡ್ಡ ಫ್ಯಾನ್ ಇಟ್ಟು ಒಳಗಿನ ಕೆಟ್ಟ ಗಾಳಿ ಹೊರಗೆ ತಳ್ಳಿದ್ರು. ಚಾವಣಿಯನ್ನ ಒಳಗಿಂದ ಹೊತ್ತಿರೋ ಉಕ್ಕಿನ ತೊಲೆಗಳಿಗೆ ನಮ್ಮ ಕೆಲಸದಲ್ಲಿ ರಾಫ್ಟರ್ ಅಂತೀವಿ. ಅವನ್ನ ತುಕ್ಕು ಎಷ್ಟು ತಿಂದಿದೆ ನೋಡಿ ರಿಪೋರ್ಟ್ ಕೊಡಬೇಕಾಗಿತ್ತು. ಅಲ್ಲಿಗೆ ಹೊಸದಾಗಿ ಬಂದಿರೋ ಇಂಜಿನಿಯರು ಚಿಕ್ಕ ವಯಸ್ಸಿನವರು. "ಹಳೇ ಫೈಲಲ್ಲಿ ನಿಮ್ಮ ಹೆಸರಿದೆ ಸಾರ್. ಡಿಸೈನ್ ಮಾಡಿದೋರೇ ಬಂದು ನೋಡಿದ್ರೆ ಒಳ್ಳೇದಲ್ವಾ" ಅಂತ ಫೋನಲ್ಲಿ ಅಂದಿದ್ರು. ಬರ್ತೀನಿ ಅಂದುಬಿಟ್ಟಿದ್ದೆ.

ಟ್ಯಾಂಕಿನ ಬುಡದಲ್ಲಿ ಒಬ್ಬ ಮನುಷ್ಯ ತೂರೋ ಅಷ್ಟು ಒಂದು ದುಂಡನೆ ಬಾಗಿಲಿರುತ್ತೆ, ಮ್ಯಾನ್‌ಹೋಲ್. ಮಂಡಿ ಊರಿ ಅದರಲ್ಲಿ ತೂರಿದೆ. ಚಾವಣಿ ಮುಚ್ಚಿದ ಮೇಲೆ ನಾನು ಅದರೊಳಗೆ ಹೋಗಿದ್ದು ಅದೇ ಮೊದಲು. ಕತ್ತಲು. ಟಾರ್ಚ್ ಬಿಟ್ಟೆ. ಮಧ್ಯದಲ್ಲಿ ಕಂಬ ಒಂದೇ ನಿಂತಿತ್ತು. ಅದರ ತಲೆಯಿಂದ ಮೂವತ್ತು ರಾಫ್ಟರ್ ಸುತ್ತಲೂ ಗೋಡೆಗೆ ಕೊಡೆ ಕಡ್ಡಿ ಥರ ಹರಡಿದ್ವು. ಮೇಲೆ ನೋಡೋದು ಬಿಟ್ಟು ನಾನು ಮೊದಲು ಕಂಬದ ಬುಡಕ್ಕೆ ಹೋದೆ. ಅಲ್ಲಿ ಕಂಡಿದ್ದು ಏನು ಅಂತ ಹೇಳಬೇಕಾದ್ರೆ ಆ ವರ್ಷನೇ ಹೇಳಬೇಕು.

ಆ ವರ್ಷ ನನಗೆ ಮೂವತ್ತಾರು. ಊರು ಹೊಳೆನರಸೀಪುರದ ಹತ್ತಿರ ಒಂದು ಹಳ್ಳಿ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟಿದ್ದೆ. ಅಪ್ಪ ಹೋಗಿಬಿಟ್ಟಿದ್ರು, ಹೊಲಕ್ಕೆ ಆಳು ಬೇಕಾಗಿತ್ತು. ಹತ್ತೊಂಬತ್ತಕ್ಕೆ ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟ್ಯಾಂಕು, ಗೋಡೌನ್ ಚಾವಣಿ ಮಾಡೋ ಒಂದು ಶೆಡ್ ಸೇರಿದೆ. ವೆಲ್ಡಿಂಗ್ ಕಲಿಸಿದ್ದು ದ್ಯಾವಣ್ಣ. ಅರಕಲಗೂಡು ಕಡೆಯೋನು, ನನಗಿಂತ ಹನ್ನೆರಡು ವರ್ಷ ದೊಡ್ಡೋನು. ಕೈ ಹಿಡಿದು ಕಲಿಸಿದ ಅಂತಾರಲ್ಲ, ನಿಜವಾಗ್ಲೂ ಹಂಗೇ. ಬೆಸುಗೆ ಕಡ್ಡಿಯ ಹೋಲ್ಡರ್ ಹಿಡಿದ ನನ್ನ ಕೈ ಮೇಲೆ ಅವನ ಕೈ ಇಟ್ಟು, "ವಸಿ ನಿಧಾನ್ಕೆ ಕಣ್ಲಾ ನಿಂಗ, ಎಮ್ಮೆ ಮೈ ತೊಳ್ದಂಗೆ" ಅನ್ನೋನು. ನನ್ನ ಹೆಸರು ನಿಂಗರಾಜು. ಅವನಿಗೆ ನಾನು ನಿಂಗ.

ನಮ್ಮ ಶೆಡ್ಡಲ್ಲಿ ಪ್ರತಿ ವೆಲ್ಡರ್‌ಗೂ ಒಂದು ನಂಬರ್. ಬೆಸುಗೆ ಮುಗಿದ ಮೇಲೆ ಪಕ್ಕದಲ್ಲಿ ಉಕ್ಕಿನ ಅಚ್ಚು ಇಟ್ಟು ಸುತ್ತಿಗೇಲಿ ನಂಬರ್ ಹೊಡೀಬೇಕು. ನಾಳೆ ಸೋರಿದ್ರೆ ಯಾರ ಕೆಲಸ ಅಂತ ಗೊತ್ತಾಗಲಿ ಅಂತ. ದ್ಯಾವಣ್ಣಂದು ಒಂಬತ್ತು, ನಂದು ಹದಿನಾಲ್ಕು. ಮೊದಮೊದಲು ನನಗೆ ನಂಬರ್ ಹೊಡೆಯೋಕೆ ಭಯ, ಎಲ್ಲಾದ್ರೂ ತೂತು ಉಳಿದಿದ್ರೆ ಅಂತ. ದ್ಯಾವಣ್ಣ ನನ್ನ ಕೈಗೆ ಸುತ್ತಿಗೆ ಕೊಟ್ಟು, "ನಂಬರ್ ವಡ್ಯೋಕೆ ಎದ್ರುಕೊಳ್ಳೋನು ವೆಲ್ಡಿಂಗೇ ಮಾಡ್ಬಾರ್ದು ಕಣ್ಲಾ. ವಡಿ" ಅಂದಿದ್ದ.

ಓದು ಅಂತ ಹಿಂದೆ ಬಿದ್ದೋನೂ ಅವನೇ. ಶೆಡ್ಡಿನ ಒಂದು ಮೂಲೇಲಿ ಮೇಲಕ್ಕೆ ಆಫೀಸಿತ್ತು, ಡ್ರಾಯಿಂಗ್ ಮಾಡೋ ಜಾಗ. ಅಲ್ಲಿಗೆ ಹದಿನೇಳು ಕಬ್ಬಿಣದ ಮೆಟ್ಟಿಲು. "ಈ ಮೆಟ್ಲು ಬೆಸ್ದಿರೋರು ನಾವು. ಅತ್ತೋರು ಮಾತ್ರ ಬ್ಯಾರೆಯೋರು. ನಮ್ಮೋನು ಒಬ್ಬನಾರ ಅತ್ಲಿ ಕಣ್ಲಾ" ಅನ್ನೋನು. ಇಪ್ಪತ್ತೈದಕ್ಕೆ ಎಸ್‌ಎಸ್‌ಎಲ್‌ಸಿ ಕಟ್ಟಿದೆ, ಎರಡನೇ ಸಲ ಪಾಸಾದೆ. ಆಮೇಲೆ ಕೆಲಸ ಮಾಡ್ಕೊಂಡೇ ಡಿಪ್ಲೊಮಾ. ಇಂಗ್ಲಿಷ್ ಪುಸ್ತಕ ಒಂದು ಪುಟಕ್ಕೆ ಒಂದು ಸಂಜೆ ಹಿಡಿಯೋದು. ಅದು ಮುಗಿಯೋ ಹೊತ್ತಿಗೆ ಅಮ್ಮ ಇರಲಿಲ್ಲ. ಹೆಣ್ಣು ಕೇಳೋ ವಯಸ್ಸೂ ದಾಟಿತ್ತು, ಕೇಳೋರೂ ಇರಲಿಲ್ಲ. ಮೂವತ್ತೈದಕ್ಕೆ ಆ ಹದಿನೇಳು ಮೆಟ್ಟಿಲು ಹತ್ತಿದೆ.

ಹತ್ತಿದ ಮೊದಲನೇ ವಾರದಲ್ಲೇ ಕೆಳಗಿನೋರು ನನ್ನ "ಸಾ" ಅನ್ನೋಕೆ ಶುರು ಮಾಡಿದ್ರು. ಹಿಂದಿನ ತಿಂಗಳು ನನ್ನ ಚಪ್ಪಲಿ ಬಚ್ಚಿಟ್ಟು ನಕ್ಕಿದ್ದೋರು. ನಾನು ಬಂದ್ರೆ ಮಾತು ನಿಲ್ಲಿಸಿ, "ಏನ್ ಸಾ, ಡ್ರಾಯಿಂಗಾ ಸಾ?" ಅಂತ ಕೇಳೋರು. ಮೇಲಿದ್ದ ಇಬ್ಬರು ಇಂಜಿನಿಯರ್ ಹುಡುಗರು ಕೆಟ್ಟೋರಲ್ಲ. ಅವರವರಲ್ಲೇ ಇಂಗ್ಲಿಷಲ್ಲಿ ಮಾತಾಡ್ಕೊಂಡು, ಒಟ್ಟಿಗೆ ಹೋಟ್ಲಿಗೆ ಹೋಗಿ ಬರೋರು. ಕರೆಯಬೇಕು ಅಂತ ಅವರಿಗೆ ಹೊಳೀತಿರಲಿಲ್ಲ, ಹೋಗಬೇಕು ಅಂತ ನನಗೂ ಧೈರ್ಯ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮೆಟ್ಟಿಲ ಕೆಳಗಿಂದ ಒಂದೇ ಒಂದು ಕೂಗು ಬರೋದು: "ಲೇ ನಿಂಗ! ಮುದ್ದೆ ಆರೋಯ್ತದೆ, ಇಳೀಲಾ ಕೆಳೀಕೆ!" ದ್ಯಾವಣ್ಣನ ಬಾಯಲ್ಲಿ ನಾನು ಇನ್ನೂ ನಿಂಗನೇ ಆಗಿದ್ದೆ. ದಿನಕ್ಕೆ ಆ ಒಂದು ಕೂಗಿಗೆ ಕಾದಿರ್ತಿದ್ದೆ.

ಯುಗಾದಿ ಆದ ಮೇಲೆ ಕಾಕಂಬಿ ಟ್ಯಾಂಕ್ ಕೆಲಸ ಬಂತು. ಹದಿನೆಂಟು ಮೀಟರ್ ಅಗಲ, ಹತ್ತು ಮೀಟರ್ ಎತ್ತರ. ಕಬ್ಬು ಅರೆಯೋದು ಶುರುವಾಗೋಕೆ ಮುಂಚೆ ಮುಗೀಬೇಕು. ನಮ್ಮ ಶೆಡ್ ಓನರ್ ನನ್ನ ಕರೆದು, "ನಿಂಗರಾಜು, ಗೋಡೆ, ತಳ ಅವರಿಬ್ರು ಮಾಡ್ಲಿ. ಚಾವಣಿ ಹೊರೋ ಕಂಬ, ರಾಫ್ಟರ್ ಎಲ್ಲಾ ನೀನು ಮಾಡು. ನಿನ್ನನ್ನ ಮೇಲೆ ಕೂರಿಸಿದ್ದಕ್ಕೆ ಈಗಾಗ್ಲೇ ಮಾತು ಬರ್ತಿದೆ. ಇದು ಸರಿ ಹೋಯ್ತಾ, ನೀನು ಇಲ್ಲೇ. ಎಡವಟ್ಟಾಯ್ತಾ, ಬೇಜಾರ್ ಮಾಡ್ಕೋಬೇಡ, ಹೋಲ್ಡರ್ ಹಿಡ್ಕೊಂಡು ಕೆಳಗೆ" ಅಂದ್ರು. ನಗ್ತಾನೇ ಅಂದ್ರು. ಆದ್ರೆ ಅವರು ಅಂದಂಗೆ ಮಾಡೋ ಮನುಷ್ಯ.

ಆ ಬೇಸಿಗೆ ಪೂರ್ತಿ ನಾನು ಹಾಸನದ ನನ್ನ ರೂಮಲ್ಲಿ ಆ ಚಾವಣಿ ಜೊತೆನೇ ಬದುಕಿದೆ. ಶೀಟು ಬಿಸಿಯಾಗಿ ರೂಮು ಕಾವಲಿ ಆಗಿರೋದು. ಭಾನುವಾರನೂ ಬನಿಯನ್ ಮೇಲೆ ಕೂತು ಲೆಕ್ಕ ಬರೀತಿದ್ದೆ. ಚಾವಣಿ ಶೀಟಿನ ತೂಕ, ಅದರ ಮೇಲೆ ಓಡಾಡೋ ಜನ, ಮಳೆ, ಗಾಳಿ. ಮಧ್ಯ ಕಂಬ ಇಲ್ಲದೆ ಅಷ್ಟು ಅಗಲ ದಾಟಿಸಿದ್ರೆ ರಾಫ್ಟರ್ ಬಾಗುತ್ತೆ, ಅದಕ್ಕೆ ನಡುವೆ ಒಂದು ಪೈಪ್ ಕಂಬ. ಗೋಡೆ ಹತ್ತಿರ ಎರಡು ರಾಫ್ಟರ್ ನಡುವೆ ಎರಡು ಮೀಟರಿಗಿಂತ ಕಮ್ಮಿ ಇರಬೇಕು ಅಂತ ಲೆಕ್ಕ ಹಾಕಿದ್ರೆ ಮೂವತ್ತು ಬೇಕು. ಹೊರಗಡೆ ಅಗಲ, ಒಳಗಡೆ ಚೂಪು, ಹಾಗಾಗಿ ಪ್ರತಿ ರಾಫ್ಟರೂ ತನ್ನ ಮೇಲಿನ ಶೀಟಿನ ಭಾರದಲ್ಲಿ ಎರಡು ಪಾಲು ಗೋಡೆಗೆ ಕೊಟ್ಟು ಒಂದು ಪಾಲು ಕಂಬಕ್ಕೆ ಕೊಡುತ್ತೆ. ಮೂವತ್ತು ಕಡೆಯಿಂದ ಒಂದೊಂದು ಪಾಲು. ಅದು ಗೊತ್ತಾದ ದಿನ ಯಾರಿಗಾದ್ರೂ ಹೇಳಬೇಕು ಅನ್ನಿಸ್ತು. ಪಕ್ಕದ ರೂಮಿಗೆ ಬೀಗ ಬಿದ್ದಿತ್ತು. ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕುಡಿದು ಮತ್ತೆ ಬಂದು ಕೂತೆ.

ಹೇಳಿದ್ದು ಮಾರನೇ ದಿನ ಮುದ್ದೆ ತಿನ್ನೋವಾಗ ದ್ಯಾವಣ್ಣಂಗೆ. ಅವನಿಗೆ ಪಾಲಿನ ಲೆಕ್ಕಕ್ಕಿಂತ ಕಂಬದ ಬುಡದ ವಿಷಯ ಆಶ್ಚರ್ಯ.

"ಕಂಬನ ತಳಕ್ಕೆ ಬೆಸೀಬಾರ್ದಾ? ಅಂಗಂತ ಯಾವ್ ಪುಸ್ತಕದಾಗೈತ್ಲಾ?"

"ತುಂಬಿದಾಗ ತಳ ಕುಸಿಯುತ್ತೆ, ಖಾಲಿ ಆದಾಗ ವಸಿ ಏಳುತ್ತೆ ಕಣಣ್ಣ. ಕಂಬ ಅಂಟಿಸಿಬಿಟ್ರೆ ತಳದ ಶೀಟು ಹರಿಯುತ್ತೆ. ಅದಕ್ಕೆ ಕಂಬ ಸುಮ್ನೆ ನಿಂತಿರಬೇಕು. ಸುತ್ತ ನಾಲ್ಕು ಆಂಗಲ್ ತುಂಡು ಅಷ್ಟೇ, ಸರೀಬಾರದು ಅಂತ. ಅವೂ ಕಂಬನ ಮುಟ್ಟಬಾರದು."

"ಯಾರೂ ಮುಟ್ದೆ ಎಂಗಲಾ ನಿಲ್ತದೆ?"

"ತಲೆ ಮೇಲಿನ ಭಾರಕ್ಕೇ ನಿಲ್ಲುತ್ತೆ."

ದ್ಯಾವಣ್ಣ ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿ, "ಒಳ್ಳೆ ನಿನ್ನಂಗೇ ಐತೆ ಬುಡು" ಅಂದು ನಕ್ಕ. ನಾನೂ ನಕ್ಕೆ.

ತಪ್ಪು ನಡೆದಿದ್ದು ಈ ಹೊತ್ತಿಗೇ. ಟ್ಯಾಂಕಿನ ತಳ ಮಟ್ಟಸ ಇರಲ್ಲ, ನೂರಕ್ಕೆ ಒಂದರಂತೆ ಇಳಿಜಾರು ಇರುತ್ತೆ. ಇಲ್ಲಿ ಕಾಕಂಬಿ ಪೂರ್ತಿ ಬಸಿದು ತೆಗೆಯೋಕೆ ಅಂತ ಇಳಿಜಾರನ್ನ ಸುತ್ತಲಿಂದ ಮಧ್ಯಕ್ಕೆ ಇಟ್ಟಿದ್ರು. ನಡುವೆ ತಗ್ಗು. ತಳದ ಡ್ರಾಯಿಂಗಲ್ಲಿ ಬಾಣದ ಗುರುತು ಒಳಕ್ಕೆ ಚೆನ್ನಾಗೇ ತೋರಿಸ್ತಿತ್ತು. ನಾನು ನೂರಕ್ಕೆ ಒಂದು ಅನ್ನೋದನ್ನ ನೋಡಿದೆ, ಬಾಣ ನೋಡಲಿಲ್ಲ. ನೋಡೋ ಅಗತ್ಯನೇ ಕಾಣಲಿಲ್ಲ. ಯಾಕಂದ್ರೆ ದುಂಡನೆ ನೆಲ, ನಡುವೆ ಒಂದು ಕಂಬ ಅಂದ ಕೂಡಲೇ ನನ್ನ ತಲೇಲಿ ಇದ್ದಿದ್ದು ನಮ್ಮ ಊರಿನ ಕಣ. ರಾಗಿ ಒಕ್ಕಣೆಗೆ ಮುಂಚೆ ಅಮ್ಮನ ಜೊತೆ ಕಣಕ್ಕೆ ಸಗಣಿ ಬಳಿದು ಬೆಳೆದೋನು ನಾನು. ನಡುವೆ ಮೇಟಿ ಕಂಬ. ಮೇಟಿ ಹತ್ತಿರ ನೆಲ ಉಬ್ಬಿರಬೇಕು, ಹನಿ ಬಿದ್ರೆ ಆಚೆಗೆ ಹರೀಬೇಕು. "ಮೇಟಿ ಬುಡ ತಗ್ಗಾಯ್ತು ಅಂದ್ರೆ ರಾಗಿ ಮೊಳಕೆ ಒಡೀತದೆ ಕಣೋ" ಅಂತ ಅಮ್ಮ ಅಲ್ಲಿ ಎರಡು ಬೊಗಸೆ ಮಣ್ಣು ಜಾಸ್ತಿ ಹಾಕಿಸೋಳು. ಆ ಕೈ ಕಂಪ್ಯೂಟರ್ ಮುಂದೆಯೂ ಅದೇ ಕೆಲಸ ಮಾಡ್ತು. ನಡುವೆ ಒಂಬತ್ತು ಸೆಂಟಿಮೀಟರ್ ಎತ್ತರ ಅಂದ್ಕೊಂಡು ಕಂಬದ ಉದ್ದದಲ್ಲಿ ಅಷ್ಟು ಕಳೆದೆ. ಅಲ್ಲಿ ಇದ್ದದ್ದು ಒಂಬತ್ತು ಸೆಂಟಿಮೀಟರ್ ತಗ್ಗು. ಎರಡೂ ಸೇರಿ ಕಂಬ ಹದಿನೆಂಟು ಸೆಂಟಿಮೀಟರ್ ಗಿಡ್ಡ. ಏಳಿಂಚು. ಓದಿದ ಇಂಜಿನಿಯರ್ ಹುಡುಗರು ಬೇರೆ ತಪ್ಪು ಮಾಡ್ತಿದ್ರೇನೋ, ಇದೊಂದು ತಪ್ಪು ಮಾಡ್ತಿರಲಿಲ್ಲ.

ದ್ಯಾವಣ್ಣ ನನ್ನ ಡ್ರಾಯಿಂಗ್ ಪ್ರಿಂಟಲ್ಲಿ ಇದ್ದಂಗೆ ಪೈಪ್ ಕುಯ್ದ. ಒಂದು ಮಿಲಿಮೀಟರ್ ಆಚೀಚೆ ಇಲ್ಲ.

ಜೂನಲ್ಲಿ ಸೈಟಿಗೆ ಹೋದ್ವಿ. ಗೋಡೆ ಎದ್ದಿತ್ತು, ಚಾವಣಿ ಇಲ್ಲ. ಒಳಗೆ ನಿಂತ್ರೆ ಉಕ್ಕಿನ ಬಾವಿ ತಳದಲ್ಲಿ ನಿಂತಂಗೆ, ಮೇಲೆ ದುಂಡನೆ ಆಕಾಶ. ಬಿಸಿಲಿಗೆ ಸುತ್ತ ಶೀಟು ಟಣ್ ಟಣ್ ಅಂತ ಸದ್ದು ಮಾಡೋದು. ಮಧ್ಯಾಹ್ನ ಆದ್ರೆ ಮೋಡ ಕಟ್ಟೋದು. ಕ್ರೇನಲ್ಲಿ ಕಂಬ ಇಳಿಸಿ ನಾಲ್ಕು ಕಡೆ ಹಗ್ಗ ಬಿಗಿದು ನಿಲ್ಲಿಸಿದ್ರು. ಅವತ್ತು ಗೋಡೆ ಮೇಲಿನ ಅಟ್ಟಣೆಗೆ ನಾವಿಬ್ರೂ ಹತ್ತಿದ್ವಿ. ದೂರದಲ್ಲಿ ಬೆಳಗೊಳದ ಬೆಟ್ಟ ಕಾಣ್ತಿತ್ತು, ಅದರ ತುದೀಲಿ ಬೆರಳಿನಷ್ಟು ಸ್ವಾಮಿ. ದ್ಯಾವಣ್ಣ ಕೈ ಮುಗಿದು, "ನೋಡ್ಲಾ ನಿಂಗ, ಸ್ವಾಮಿಗೆ ಚಾವಣಿನೂ ಬ್ಯಾಡ, ರಾಫ್ಟ್ರೂ ಬ್ಯಾಡ. ಇಷ್ಟ್ ವರ್ಸ ಮಳೇಲೇ ನಿಂತವ್ನೆ. ಅವನ್ ಡ್ರಾಯಿಂಗ್ ಮಾಡ್ದೋನ್ ಯಾರೋ!" ಅಂದ. "ನೀನಲ್ಲ ಬುಡು" ಅಂತಲೂ ಸೇರಿಸಿದ.

ಮಾರನೇ ದಿನ ಮೊದಲನೇ ರಾಫ್ಟರ್ ಎತ್ತಿದ್ರು. ಗೋಡೆ ಕಡೆ ತುದಿ ಬೋಲ್ಟಿಗೆ ಸರಿಯಾಗಿ ಕೂತ್ಕೊಂತು. ಕಂಬದ ಕಡೆ ತುದಿ ಮಾತ್ರ ಕೂರಬೇಕಾದ ಜಾಗದಿಂದ ಹೆಚ್ಚುಕಮ್ಮಿ ಗೇಣುದ್ದ ಮೇಲೆ ಗಾಳಿಯಲ್ಲೇ ನಿಂತಿತ್ತು. ದ್ಯಾವಣ್ಣ ಅಟ್ಟಣೆ ಮೇಲಿಂದ ಟೇಪ್ ಇಳಿಬಿಟ್ಟ. ಇನ್ನೊಂದು ಸಲ ಬಿಟ್ಟ. ಜೇಬಿಂದ ನನ್ನ ಪ್ರಿಂಟ್ ತೆಗೆದು ಬಿಚ್ಚಿ ನೋಡ್ದ. ಆಮೇಲೆ ನಿಧಾನವಾಗಿ ತಳ ನೋಡ್ದ, ನೀರು ಚೆಲ್ಲಿದ್ದು ನಡುವೆ ಕೆರೆ ಕಟ್ಟಿ ನಿಂತಿತ್ತು. ಅವನು ನೋಡಿದ್ದನ್ನೇ ನಾನೂ ನೋಡಿದೆ. ನಮ್ಮಿಬ್ಬರಿಗೂ ಒಂದೇ ಹೊತ್ತಿಗೆ ಗೊತ್ತಾಯ್ತು. ಅವನು ಪ್ರಿಂಟ್ ಮಡಚಿ ಜೇಬಿಗೆ ಇಟ್ಕೊಂಡ.

ಫ್ಯಾಕ್ಟ್ರಿಯ ಆಗಿನ ಇಂಜಿನಿಯರು ಕೂಗಾಡೋಕೆ ಶುರು ಮಾಡಿದ್ರು. ಓನರ್ ಬಂದು ಕೇಳಿದ್ದು ಒಂದೇ ಮಾತು: "ಕಟಿಂಗೋ, ಡ್ರಾಯಿಂಗೋ?"

ನಾನು ಬಾಯಿ ತೆಗೆದೆ. ತೆಗೆದಿದ್ದು ನಿಜ. ಆದ್ರೆ ನನ್ನ ಕಣ್ಣ ಮುಂದೆ ಆ ಹದಿನೇಳು ಮೆಟ್ಟಿಲು ಬಂದ್ವು. ಇಳಿಯೋದಲ್ಲ ಭಯ, ಇಳಿದ ಮೇಲೆ ಕೆಳಗಿನೋರು ನಗೋದು. ಅಷ್ಟರಲ್ಲಿ ಮೇಲಿಂದ ದ್ಯಾವಣ್ಣ ಅಂದ:

"ಕುಯ್ಯೋವಾಗ ನಂದೇ ತಪ್ಪಾಗೈತೆ ಸಾ. ಟೇಪ್ ಜಾರಿರ್ಬೇಕು."

"ಇಪ್ಪತ್ತೈದು ವರ್ಷದಿಂದ ಜಾರದೆ ಇದ್ದ ಟೇಪು?" ಅಂದ್ರು ಓನರ್.

"ವಯಸ್ಸಾಯ್ತು ಸಾ. ಕಣ್ಣು ಮಂಜು."

ನಾನು ತೆಗೆದ ಬಾಯಿ ಮುಚ್ಕೊಂಡೆ. ಸಂಜೆ ಜೀಪಲ್ಲಿ ಹಾಸನಕ್ಕೆ ಬರೋವಾಗ ಓನರ್ ಪಕ್ಕದಲ್ಲೇ ಕೂತಿದ್ದೆ. ಶಾಂತಿಗ್ರಾಮ ದಾಟಿದ ಮೇಲೆ ಹೇಳೋಣ ಅಂದ್ಕೊಂಡೆ. ದಾಟ್ತು. ಊರು ಬರಲಿ ಅಂದ್ಕೊಂಡೆ. ಬಂತು. ಬೆಳಗ್ಗೆ ಓನರ್ ನನ್ನ ಟೇಬಲ್ ಹತ್ತಿರ ಬಂದು, ಫ್ಯಾಕ್ಟ್ರಿಗೆ ಒಂದು ಲೆಟರ್ ಕೊಡಬೇಕು, ಟೈಪ್ ಮಾಡು ಅಂದ್ರು. ಕಂಬ ಗಿಡ್ಡ ಆಗಿದ್ದು ನಮ್ಮ ವೆಲ್ಡರ್ ಕುಯ್ಯೋವಾಗ ಮಾಡಿದ ತಪ್ಪಿಂದ, ಬುಡದಲ್ಲಿ ಒಂದು ಸ್ಟೂಲ್ ಕೂರಿಸಿ ಸರಿ ಮಾಡ್ತೀವಿ, ಆ ವೆಲ್ಡರನ್ನ ಈ ಕೆಲಸ ಮುಗಿದ ಮೇಲೆ ಸೈಟಿಂದ ತೆಗೀತೀವಿ ಅಂತ. ನನಗೆ ಆಗಲೂ ಈಗಲೂ ಒಂದೇ ಬೆರಳಲ್ಲಿ ಟೈಪ್ ಬರೋದು. ಒಂದೊಂದೇ ಅಕ್ಷರ ಒತ್ತಿದೆ. ನಿಲ್ಲಿಸೋಕೆ ಎಷ್ಟೊಂದು ಜಾಗ ಇತ್ತು ಆ ಲೆಟರಲ್ಲಿ. ದ್ಯಾವಣ್ಣ ಮೆಟ್ಟಿಲು ಹತ್ತಿ ಬಂದು, ಓದದೆ, ನಾನು ತೋರಿಸಿದ ಜಾಗದಲ್ಲಿ ಸೈನ್ ಹಾಕಿದ. ಅವನು ಆ ಆಫೀಸಿಗೆ ಹತ್ತಿದ್ದು ಅದೊಂದೇ ಸಲ. ಅವನು ಇಳಿದ ಮೇಲೆ ಡ್ರಾಯಿಂಗಲ್ಲಿ ಕಂಬದ ಉದ್ದ ತಿದ್ದಿದೆ. ತಿದ್ದಿದ ಕಡೆ ಗುರುತು ಹಾಕಬೇಕು ಅನ್ನೋದು ನಿಯಮ. ಹಾಕಲಿಲ್ಲ.

ಸ್ಟೂಲ್ ಅಂದ್ರೆ ಏಳಿಂಚು ಎತ್ತರದ ಪೈಪ್ ತುಂಡು, ಮೇಲೊಂದು ಕೆಳಗೊಂದು ದಪ್ಪ ತಗಡು. ಚೈನ್ ಪುಲ್ಲಿಯಲ್ಲಿ ಕಂಬ ಎತ್ತಿ ಅದರಡಿ ಕೂರಿಸಿ ಕಂಬಕ್ಕೆ ಬೆಸೀಬೇಕು. "ನನ್ ತಪ್ಪು, ನಾನೇ ಬೆಸೀತೀನಿ" ಅಂದ ದ್ಯಾವಣ್ಣ. ಅವತ್ತು ಅರಕಲಗೂಡು ದಿಕ್ಕಿಂದ ಮಳೆ ಹೊಡ್ಕೊಂಡು ಬಂತು. ಚಾವಣಿ ಇಲ್ಲದ ಟ್ಯಾಂಕು, ನೀರೆಲ್ಲಾ ನಡುವಿಗೇ ಹರಿಯೋದು. ಸುತ್ತ ಸಗಣಿ ಮಣ್ಣು ಕಲೆಸಿ ಕಟ್ಟೆ ಕಟ್ಟಿ, ಮೇಲೆ ಟಾರ್ಪಾಲ್ ಹಿಡಿಸಿ, ಅವನು ಒಳಗೆ ಮಲಗಿಕೊಂಡೇ ಬೆಸೆದ. ನಾನು ಮ್ಯಾನ್‌ಹೋಲ್ ಹೊರಗೆ ಕೊಡೆ ಹಿಡಿದು ನಿಂತಿದ್ದೆ. ನೀಲಿ ಬೆಳಕು ಬಂದು ಬಂದು ಹೋಗ್ತಿತ್ತು. ಬೆಳಕು ನಿಂತ ಮೇಲೆ ಬೆಸುಗೆ ಮೇಲಿನ ಕಿಟ್ಟ ಉದುರಿಸೋ ಚಿಪ್ಪಿಂಗ್ ಸುತ್ತಿಗೆ ಸದ್ದು. ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎರಡು ಏಟು, ಠಣ್, ಠಣ್. ಮಳೆ ಸದ್ದಲ್ಲಿ ನಾನು ಅದನ್ನ ಎಣಿಸಲಿಲ್ಲ. ಅವನ ನಂಬರ್ ಒಂಬತ್ತು. ಒಂಬತ್ತಕ್ಕೆ ಒಂದೇ ಏಟು ಸಾಕು ಅಂತ ನನಗೆ ಹೊಳೆದಿದ್ದು ಒಂಬತ್ತು ವರ್ಷ ಆದ ಮೇಲೆ.

ಅವನು ತೂರಿಕೊಂಡು ಹೊರಗೆ ಬಂದ. ಮೈಯೆಲ್ಲಾ ಕೆಸರು. ಕೊಡೆ ಅವನ ಕಡೆ ಚಾಚಿದೆ.

"ಬ್ಯಾಡ ಸಾ. ನೀವ್ ಇಡ್ಕಳಿ" ಅಂದ.

ಆಮೇಲೆ ಮಧ್ಯಾಹ್ನದ ಕೂಗು ನಿಂತೋಯ್ತು. ನಾನು ಒಂದು ಗಂಟೆಗೆ ಕೆಳಗೆ ನೋಡೋದು, ಅವನು ಹೊಂಗೆ ಮರದ ಕೆಳಗೆ ಬೇರೆಯೋರ ಜೊತೆ ಕೂತು ತಿನ್ನೋನು. ಬಯ್ಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಚಾವಣಿ ಮುಚ್ಚಿತು, ಕಬ್ಬು ಅರೆಯೋದು ಶುರುವಾಯ್ತು, ಟ್ಯಾಂಕ್ ತುಂಬಿತು. ಓನರ್ ನನ್ನ ಬೆನ್ನು ತಟ್ಟಿದ್ರು. ಆಯುಧಪೂಜೆ ದಿನ ದ್ಯಾವಣ್ಣ ವೆಲ್ಡಿಂಗ್ ಮೆಷಿನಿಗೆ ಕುಂಬಳಕಾಯಿ ಒಡೆದು, ಎಲ್ಲರಿಗೂ ಕೈ ಮುಗಿದು, ಊರಲ್ಲೇ ಏನಾದ್ರೂ ಮಾಡ್ಕೋತೀನಿ ಅಂತ ಹೊರಟ. ನನಗೂ ಕೈ ಮುಗಿದ. ಕೈ ಮುಗಿಸಿಕೊಂಡೆ ನಾನು.

ಅಲ್ಲಿಂದ ಈಚೆಗೆ ಎಷ್ಟು ಟ್ಯಾಂಕ್ ಮಾಡಿದೀನೋ. ಶೆಡ್ ಮುಚ್ಚಿ ಮೂರು ವರ್ಷ ಆಯ್ತು, ಓನರ್ ತೀರಿಕೊಂಡ್ರು. ಈಗ ಅದೇ ರೂಮು, ಒಂದು ಕಂಪ್ಯೂಟರು, ನಾನು. ಕೆಲಸ ಫೋನಲ್ಲಿ ಬರುತ್ತೆ, ಫೋನಲ್ಲೇ ಹೋಗುತ್ತೆ. ಯಾವ ಡ್ರಾಯಿಂಗಲ್ಲಾದ್ರೂ ತಳದ ಇಳಿಜಾರು ಬಂದ್ರೆ ಬಾಣದ ಪಕ್ಕ ಕನ್ನಡದಲ್ಲಿ "ನಡು ತಗ್ಗು" ಇಲ್ಲಾ "ನಡು ಎತ್ತರ" ಅಂತ ಬರೀತೀನಿ. ಬೇರೆ ಎಲ್ಲಾ ಇಂಗ್ಲಿಷ್, ಅದೊಂದು ಕನ್ನಡ. ಯಾಕೆ ಅಂತ ಕೇಳಿದೋರಿಗೆ ಅಭ್ಯಾಸ ಅಂತೀನಿ.

ಈ ಸಲ ಟ್ಯಾಂಕ್ ಒಳಗೆ ಹೋದಾಗ ಕಂಬದ ಬುಡದಲ್ಲಿ ಕೂತು ಸ್ಟೂಲಿನ ಮೇಲಿನ ಕಪ್ಪು ಅಂಟನ್ನ ಗೋಣಿ ಚೂರಲ್ಲಿ ಉಜ್ಜಿದೆ. ಬೆಸುಗೆ ಎದ್ದು ಬಂತು, ನಾಣ್ಯ ಸಾಲಾಗಿ ಒರಗಿಸಿಟ್ಟಂಗೆ, ದ್ಯಾವಣ್ಣನ ಕೈ. ಅದರ ಪಕ್ಕ ಅಚ್ಚು ಹೊಡೆದ ನಂಬರ್. ಒಂಬತ್ತು ಇರಲಿಲ್ಲ. ಒಂದು, ನಾಲ್ಕು. ಹದಿನಾಲ್ಕು. ನಾನು ಆಫೀಸಿಗೆ ಹತ್ತಿದ ಮೇಲೆ ಆ ನಂಬರ್ ಯಾರಿಗೂ ಕೊಟ್ಟಿರಲಿಲ್ಲ.

ಹೊರಗಿಂದ ಯಾರೋ "ಸಾರ್, ಆರಾಮಾ?" ಅಂತ ಕೂಗಿದ್ರು. ಎರಡನೇ ಸಲ ಕೂಗಿದಾಗ ಉತ್ತರ ಕೊಟ್ಟೆ.

ಆ ಭಾನುವಾರ ಅರಕಲಗೂಡು ಬಸ್ ಹತ್ತಿದೆ. ಗೊರೂರಲ್ಲಿ ಡ್ಯಾಮ್ ತುಂಬಿತ್ತು, ಬಸ್ಸಲ್ಲಿದ್ದೋರೆಲ್ಲಾ ಆ ಕಡೆ ಕಿಟಕಿಗೆ ಬಗ್ಗಿದ್ರು. ನಾನು ಹೇಳಬೇಕಾದ ಮಾತು ಜೋಡಿಸ್ಕೊಳ್ತಾ ಕೂತಿದ್ದೆ. ಅರಕಲಗೂಡಲ್ಲಿ ಬಸ್ ಬದಲಾಯಿಸಿ, ರುದ್ರಪಟ್ಟಣದ ಹತ್ತಿರ ಅವನ ಊರಿನ ಗೇಟಲ್ಲಿ ಇಳಿದೆ. ರಸ್ತೆ ಬದೀಲೇ ಒಂದು ಶೀಟಿನ ಶೆಡ್ಡು. ರುದ್ರಪಟ್ಟಣದ ಸಂಗೀತೋತ್ಸವದ ಪೆಂಡಾಲಿಗೆ ಕಬ್ಬಿಣದ ಚೌಕಟ್ಟು ಬೆಸೀತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ದಪ್ಪ ಕನ್ನಡಕ.

"ಯಾರು?"

"ನಾನು ಕಣಣ್ಣ. ನಿಂಗ."

"ಓ, ಬನ್ನಿ ಸಾ." ಪ್ಲಾಸ್ಟಿಕ್ ಕುರ್ಚಿ ಒರೆಸಿ ನನಗೆ ಹಾಕಿದ. ತಾನು ಡಬ್ಬ ಬೋರಲು ಹಾಕ್ಕೊಂಡು ಕೂತ. ಒಳಕ್ಕೆ ತಿರುಗಿ, "ಲೇ, ಆಸನದ ಸಾರು ಬಂದವ್ರೆ, ಕಾಪಿ ಮಡಗು" ಅಂದ.

"ಕಾಕಂಬಿ ಟ್ಯಾಂಕ್ ಒಳಗೆ ಹೋಗಿದ್ದೆ ಅಣ್ಣ."

ಅವನು ಗ್ಲೌಸ್ ಬಿಚ್ಚಿ ತೊಡೆ ಮೇಲೆ ಇಟ್ಕೊಂಡ. "ತುಕ್ಕು ಇಡ್ದಿತ್ತಾ?"

"ನಾಲ್ಕು ರಾಫ್ಟರ್ ಬದಲಾಯಿಸ್ಬೇಕು. ಕಂಬ ಚೆನ್ನಾಗೈತೆ."

"ಸ್ಟೂಲು?"

"ಅದೂ ಹಂಗೇ ಐತೆ. ನಂಬರೂ ಹಂಗೇ ಐತೆ."

ಅವನು ರಸ್ತೆ ಕಡೆ ತಿರುಗಿದ.

"ಯಾಕಣ್ಣ ನನ್ನ ನಂಬರ್ ಹೊಡೆದೆ?"

"ಯಾರ್ ಕೆಲ್ಸವೋ ಅವರ್ ನಂಬರು. ಅದು ರೂಲು ಅಲ್ವಾ ಸಾ." ಕೋಪ ಇರಲಿಲ್ಲ ಅದರಲ್ಲಿ. ಆಮೇಲೆ ಗ್ಲೌಸ್ ಕಡೆ ನೋಡ್ಕೊಂಡೇ ಅಂದ, "ಪೈಪ್ ಬೆಸ್ದು ಮುಗ್ಸಿ ವಸಿ ವತ್ತು ಸುಮ್ಕೆ ಮಲಗಿದ್ದೆ. ನೀನು ಒಳೀಕೆ ಬತ್ತೀಯ ಅಂದ್ಕಂಡಿದ್ದೆ. ಬಂದು ಒಂದ್ ಮಾತ್ ಅಂದಿದ್ರೆ ಸಾಕಿತ್ತು. ಓನರ್‌ಗೆ ಏಳೋದೇನ್ ಬ್ಯಾಡ, ನಂಗೆ. ನೀನು ಆಚೇಲೇ ನಿಂತ್ಕಂಡೆ. ಅದಕ್ಕೇ ನಂಬರ್ ವಡ್ದೆ."

ಬಸ್ಸಲ್ಲಿ ಜೋಡಿಸ್ಕೊಂಡಿದ್ದ ಮಾತೆಲ್ಲಾ ಬಿಟ್ಟು, "ತಪ್ಪು ನಂದು ಅಣ್ಣ" ಅಂದೆ.

"ಅದು ನಂಗೆ ಅವತ್ತೇ ಗೊತ್ತಿತ್ತು ಸಾ."

ಕಾಫಿ ಬಂತು. ಕುಡಿದೆ. ಅವನು ಎದ್ದು ಗ್ಲೌಸ್ ಹಾಕ್ಕೊಂಡ, ನಾಳೆ ಚೌಕಟ್ಟು ಕೊಡಬೇಕಂತೆ. ನನ್ನ ಬಸ್ ಬರೋ ಹೊತ್ತಿಗೆ ಮುಖಕ್ಕೆ ಶೀಲ್ಡ್ ಹಿಡಿದಿದ್ದ. ಹಾರನ್ ಹೊಡೆದಾಗ ಬೆಳಕು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯ್ತು.

ರಿಪೋರ್ಟ್ ಬರೆಯೋಕೆ ನನಗೆ ನಾಲ್ಕು ದಿನ ಹಿಡೀತು. ರಾಫ್ಟರ್ ವಿಷಯ ಎರಡು ಪುಟ. ಆಮೇಲೆ ಕಂಬದ ಬುಡದ ಸ್ಟೂಲ್ ಯಾಕಿದೆ ಅನ್ನೋದಕ್ಕೆ ಒಂದು ಪ್ಯಾರಾ. ಫೈಲಲ್ಲಿ ಇರೋ ಹಳೇ ಲೆಟರ್ ಸುಳ್ಳು, ಅದನ್ನ ಟೈಪ್ ಮಾಡಿದೋನು ನಾನು. ಕಂಬ ಡ್ರಾಯಿಂಗಲ್ಲಿ ಇದ್ದಂಗೇ ಕುಯ್ದಿದ್ರು. ಡ್ರಾಯಿಂಗ್ ತಪ್ಪಿತ್ತು, ತಳದ ಇಳಿಜಾರನ್ನ ತಿರುಗಾ ಮುರುಗಾ ಓದಿದ್ದೆ. ಕುಯ್ದು, ಬೆಸೆದು, ಸರಿ ಮಾಡಿದವರು ದ್ಯಾವಣ್ಣ, ವೆಲ್ಡರ್ ನಂಬರ್ ಒಂಬತ್ತು. ಕೆಳಗೆ ಸೈನ್ ಹಾಕಿ, ಪಕ್ಕದಲ್ಲಿ ಪೆನ್ನಲ್ಲಿ 14 ಅಂತ ಬರೆದೆ. ಆ ಪುಟದ ಫೋಟೋ ತೆಗೆದು ದ್ಯಾವಣ್ಣನ ಫೋನಿಗೆ ವಾಟ್ಸಪ್ಪಲ್ಲಿ ಕಳಿಸಿದೆ. ಸಂಜೆ ಹೊತ್ತಿಗೆ ಎರಡು ನೀಲಿ ಗೆರೆ ಬಂದ್ವು. ಮಾತು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಫ್ಯಾಕ್ಟ್ರಿಯ ಇಂಜಿನಿಯರು ಮಾತ್ರ ಫೋನ್ ಮಾಡಿದ್ರು. ರಿಪೋರ್ಟ್ ಸಿಕ್ತು ಅಂದ್ರು, ಹಳೇದೆಲ್ಲಾ ಬರೆಯೋ ಅಗತ್ಯ ಇರಲಿಲ್ಲ ಅಂದ್ರು, ನಾಲ್ಕು ರಾಫ್ಟರ್ ಡ್ರಾಯಿಂಗ್ ಯಾವಾಗ ಕೊಡ್ತೀರಾ ಅಂದ್ರು. ಫೋನ್ ಇಡೋಕೆ ಮುಂಚೆ ಕೇಳಿದ್ರು:

"ಸಾರ್, ಕೊನೇಲಿ ನಿಮ್ಮ ಸೈನ್ ಪಕ್ಕ ಹದಿನಾಲ್ಕು ಅಂತ ಇದೆ. ಮೂರೇ ಪುಟ ಬಂದಿರೋದು. ಮಿಕ್ಕಿದ್ದು ಕಳಿಸೋದು ಮರೆತ್ರಾ?"

"ಇಲ್ಲ, ಅಷ್ಟೇ ಇರೋದು" ಅಂದೆ. "ಅದು ಪೇಜ್ ನಂಬರ್ ಅಲ್ಲ. ಅದು ನಾನು."